ದಮ್ಮು ಬೇರೆ, ತೂಕ ಬೇರೆ: ಮಗುವಿನ ಫಿಟ್‌ನೆಸ್ ಕಾರ್ಡ್ ಓದುವ ಬಗೆ

ಶಾಲೆಯಿಂದ ಬರುವ ಫಿಟ್‌ನೆಸ್ ಕಾರ್ಡಿನಲ್ಲಿ ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಸಾಮಾನ್ಯವಾಗಿ ಆರು ಸಾಲುಗಳಿರುತ್ತವೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕಿ), 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆ, ಕೂತು ಮುಂದಕ್ಕೆ ಬಗ್ಗುವುದು, ಕರ್ಲ್-ಅಪ್ (ಅಂಗಾತ ಮಲಗಿ ತಲೆ, ಭುಜ ಎತ್ತುವುದು), ಪುಷ್-ಅಪ್. 2019ರಲ್ಲಿ ಕೇಂದ್ರ ಸರಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾ ಶಾಲೆಗಳಿಗೆ ಕೊಟ್ಟ ಪರೀಕ್ಷಾಕ್ರಮ ಇದು. ಮನೆಯಲ್ಲಿ ಎಲ್ಲರ ಕಣ್ಣು ಹೋಗುವುದು ಮೊದಲ ಸಾಲಿಗೆ. ತೂಕ ಸರಿಯಿದ್ದರೆ ಕಾರ್ಡು ಕಪಾಟು ಸೇರುತ್ತದೆ. "ಸಪೂರ ಇದ್ದಾನೆ, ಏನೂ ತೊಂದರೆಯಿಲ್ಲ" ಎಂಬ ಮಾತು ಮುಂಬಯಿಯ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಕೇಳುವಂಥದ್ದೇ. ಆದರೆ ಆ ಆರರಲ್ಲಿ ಮಗುವಿನ ಮುಂದಿನ ಆರೋಗ್ಯದ ಬಗ್ಗೆ ನಿಜವಾಗಿ ಮಾತಾಡುವುದು ಮೂರನೆಯ ಸಾಲು, 600 ಮೀಟರ್. ಮುಂಬಯಿಯಂಥ ಊರಿನಲ್ಲಿ ಅಳತೆ ಸುಲಭವಾಗಿ ತಪ್ಪುವುದೂ ಅದರದ್ದೇ.

ಫಿಟ್‌ನೆಸ್ ಒಂದೇ ಗುಣವಲ್ಲ. ದಮ್ಮು ಎಂದರೆ ಹೃದಯ, ಶ್ವಾಸಕೋಶ, ರಕ್ತ, ಸ್ನಾಯು ನಾಲ್ಕೂ ಸೇರಿ ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಕೆಲಸಕ್ಕೆ ಹಚ್ಚಬಲ್ಲವು ಎಂಬುದು. ಕಸುವು ಎಂದರೆ ಸ್ನಾಯು ಎಷ್ಟು ಭಾರ ತಡೆಯುತ್ತದೆ, ಎಷ್ಟು ಸಲ ತಡೆಯುತ್ತದೆ ಎಂಬುದು. ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. 50 ಮೀಟರನ್ನು ಬಾಣದ ಹಾಗೆ ಓಡುವ ಹುಡುಗ 600 ಮೀಟರಿನ ನಡುವೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು ಮಾಮೂಲು. 50 ಮೀಟರ್ ಹತ್ತು ಸೆಕೆಂಡಿನ ಆಸುಪಾಸಿನ ಕೆಲಸ. ಸ್ನಾಯುವಿನೊಳಗೆ ಕೂಡಿಟ್ಟ ಇಂಧನವೇ ಅದಕ್ಕೆ ಬಹುಪಾಲು ಸಾಕು. 600 ಮೀಟರ್ ಮೂರು ನಿಮಿಷದ ಆಚೀಚೆ ಹೋಗುತ್ತದೆ. ಅಲ್ಲಿ ಹೃದಯ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದೆಲ್ಲ ಬಯಲಾಗುತ್ತದೆ.

ಜಗತ್ತಿನಲ್ಲಿ ಕುಸಿದದ್ದೂ ಈ ದಮ್ಮೇ. ಬೀಪ್ ಸದ್ದಿಗೆ ಸರಿಯಾಗಿ 20 ಮೀಟರ್ ಹಿಂದೆ ಮುಂದೆ ಓಡುವ ಪರೀಕ್ಷೆಯ ಫಲಿತಾಂಶಗಳನ್ನು 19 ದೇಶಗಳಿಂದ ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2019ರಲ್ಲಿ ಪ್ರಕಟವಾಯಿತು. 1981ರಿಂದ 2014ರವರೆಗೆ 9ರಿಂದ 17 ವರ್ಷದ ಮಕ್ಕಳ ದಮ್ಮು ಅಂದಾಜು ಶೇ. 7.3ರಷ್ಟು ಇಳಿದಿತ್ತು. ಇಳಿತದ ದೊಡ್ಡ ಪಾಲು 2000ಕ್ಕೆ ಮೊದಲೇ ಆಗಿಹೋಗಿತ್ತು, ಅಂದರೆ ಮೊಬೈಲು ಮಕ್ಕಳ ಕೈಗೆ ಬರುವ ಮುಂಚೆಯೇ. ಎಲ್ಲಕ್ಕೂ ಮೊಬೈಲನ್ನೇ ದೂರುವವರು ಇದನ್ನು ಗಮನಿಸಬೇಕು. ಅವೆಲ್ಲ ನಮಗಿಂತ ಹೆಚ್ಚು ಆದಾಯದ ದೇಶಗಳು ಎಂಬುದೂ ನೆನಪಿರಲಿ.

ಸಪೂರ ಮೈಯೊಳಗಿನ ಕೊಬ್ಬು

ತೂಕ ಕಡಿಮೆಯಿದ್ದರೆ ಸಾಕು ಎಂಬ ನಂಬಿಕೆಗೆ ಉತ್ತರ ಸಿಗುವುದು ಪಕ್ಕದ ಪುಣೆಯಲ್ಲಿ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಅಚ್ಚುಹಾಕಿಸಿದರು. ಇಬ್ಬರ ಬಿಎಂಐ 22.3. ಮೈಯಲ್ಲಿನ ಕೊಬ್ಬು ಮಾತ್ರ ಯಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ನಮ್ಮ ಜನರಲ್ಲಿ ಅದೇ ತೂಕಕ್ಕೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇದು ಹುಟ್ಟಿನಿಂದಲೇ ಇರುತ್ತದೆ ಎಂದು ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಅಳೆದು ಯಾಜ್ಞಿಕ್ ತಂಡ ತೋರಿಸಿತ್ತು. ಸಪೂರ ಇದ್ದೂ ಎರಡು ಮಹಡಿ ಹತ್ತುವುದರೊಳಗೆ ಏದುಸಿರು ಬಿಡುವ ಹುಡುಗನ ಕಾರ್ಡಿನಲ್ಲಿ ಬಿಎಂಐ ಸಾಲು ಹಸಿರಾಗಿಯೇ ಇರುತ್ತದೆ.

ಹಾಗೆಂದು ಬಿಎಂಐ ಬೇಡವೆಂದಲ್ಲ. ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಅದು. ದೊಡ್ಡವರಿಗೆ ಅಧಿಕ ತೂಕ, ಬೊಜ್ಜು ಎನ್ನಲು ಬಳಸುವ 23, 25ರ ಗೆರೆಗಳನ್ನು ಮಕ್ಕಳಿಗೆ ನೇರವಾಗಿ ಹಚ್ಚಬಾರದು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಪ್ರಕಟಿಸಿದ ಬೆಳವಣಿಗೆ ಚಾರ್ಟಿನಲ್ಲಿ 5ರಿಂದ 18 ವರ್ಷದವರೆಗೆ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಗೆರೆಗಳಿವೆ: ದೊಡ್ಡವರಾದಾಗ 23ಕ್ಕೆ ಮುಟ್ಟುವ ಗೆರೆಯ ಮೇಲಿದ್ದರೆ ಅಧಿಕ ತೂಕ, 27ಕ್ಕೆ ಮುಟ್ಟುವ ಗೆರೆಯ ಮೇಲಿದ್ದರೆ ಬೊಜ್ಜು. ಮಕ್ಕಳ ಡಾಕ್ಟರ ಬಳಿ ಈ ಚಾರ್ಟ್ ಇರುತ್ತದೆ, ಕೇಳಿ ತೋರಿಸಿಕೊಳ್ಳಿ.

ಅಳತೆಯ ತಪ್ಪು ಇಲ್ಲೂ ನುಸುಳುತ್ತದೆ. 42 ಕಿಲೋ, 145 ಸೆಂ.ಮೀ. ಇರುವ ಮಗುವಿನ ಬಿಎಂಐ ಸುಮಾರು 20. ಗೂನು ಬೆನ್ನಿನಲ್ಲಿ ನಿಂತು 143 ಎಂದು ಬರೆಸಿಕೊಂಡರೆ ಅದು 20.5 ದಾಟುತ್ತದೆ. ಶೂ ಕಳಚಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿಸಿ, ದೃಷ್ಟಿ ನೇರ ಇಟ್ಟು, ತಲೆಯ ಮೇಲೆ ಗಟ್ಟಿ ಪುಸ್ತಕವನ್ನು ಗೋಡೆಗೆ ಲಂಬವಾಗಿ ಒತ್ತಿ ಗುರುತು ಹಾಕಿದರೆ ಮನೆಯಲ್ಲೇ ಸರಿಯಾದ ಎತ್ತರ ಸಿಗುತ್ತದೆ. ಹುಡುಗಿಯರ ಜಡೆ ಪುಸ್ತಕದಡಿ ಸಿಕ್ಕಿಕೊಳ್ಳದಿರಲಿ.

600 ಮೀಟರ್ ನಿಜಕ್ಕೂ 600 ಇದೆಯೇ?

400 ಮೀಟರಿನ ಟ್ರ್ಯಾಕಿನಲ್ಲಿ 600 ಎಂದರೆ ಒಂದೂವರೆ ಸುತ್ತು. ಮುಂಬಯಿಯಲ್ಲಿ ಟ್ರ್ಯಾಕ್ ಇರುವ ಶಾಲೆಗಳು ಬೆರಳೆಣಿಕೆಯವು, ಹೆಚ್ಚಿನ ಕಡೆ ಇರುವುದು ಒಂದು ಅಂಗಳ, ಬಾಸ್ಕೆಟ್‌ಬಾಲ್ ಕಂಬ. ಅದೇನೂ ದೊಡ್ಡ ಅಡ್ಡಿಯಲ್ಲ. ಬಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ, ಸುತ್ತಳತೆ 86. ಏಳು ಸುತ್ತು ಹಾಕಿದರೆ 602 ಮೀಟರ್, ಇದಕ್ಕಿಂತ ಅನುಕೂಲದ ಲೆಕ್ಕ ಸಿಗಲಿಕ್ಕಿಲ್ಲ. ಆದರೆ ಮಕ್ಕಳು ಗೆರೆಯಿಂದ ಒಂದು ಮೀಟರ್ ಒಳಗೆ ಓಡಿದರೆ ಸುತ್ತು 78ಕ್ಕೆ ಇಳಿಯುತ್ತದೆ, ಏಳು ಸುತ್ತಿಗೆ 546. ಐವತ್ತಕ್ಕೂ ಹೆಚ್ಚು ಮೀಟರ್ ಕಳವು. ಒಂದು ಮೀಟರ್ ಹೊರಗೆ ಓಡಿದರೆ 658ರ ಹತ್ತಿರ. ಹಿಂದಿನ ವರ್ಷದ ಗುಂಪು ಒಳಗಿನಿಂದ, ಈ ವರ್ಷದ ಗುಂಪು ಹೊರಗಿನಿಂದ ಓಡಿದರೆ ಮಗುವಿನ ದಮ್ಮು ಕುಸಿದಿದೆ ಎಂದು ಕಾರ್ಡು ಹೇಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕೋನ್ ಇಟ್ಟು, ಅದರ ಹೊರಗಿನಿಂದಲೇ ಓಡಬೇಕೆಂದು ಹೇಳಿದರೆ ಈ ಗೊಂದಲ ಮುಗಿಯಿತು. ಕೋನ್ ಇಲ್ಲದಿದ್ದರೆ ನೀರಿನ ಬಾಟಲಿಯೂ ಆದೀತು.

ಏಳು ಸುತ್ತಿಗೆ 28 ತಿರುವು. ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿ ಮತ್ತೆ ಏರಿಸಬೇಕು, ಹಾಗಾಗಿ ಕೋರ್ಟಿನ ಸಮಯ ಟ್ರ್ಯಾಕಿನ ಸಮಯಕ್ಕಿಂತ ಯಾವಾಗಲೂ ನಿಧಾನ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನೊಂದು ತಪ್ಪು ಮಕ್ಕಳದು, ಅಂದರೆ ಹೇಳಿಕೊಡದ ದೊಡ್ಡವರದು. ಸೀಟಿ ಊದಿದ ಕೂಡಲೇ ಎಲ್ಲರೂ ಬಿದ್ದಂಬೀಳ ಓಡುತ್ತಾರೆ. ಮೂರು ನಿಮಿಷದಲ್ಲಿ ಮುಗಿಸಬಲ್ಲ ಮಗು ಕೋರ್ಟಿನ ಪ್ರತಿ ಸುತ್ತಿಗೆ ಹೆಚ್ಚುಕಡಿಮೆ 26 ಸೆಕೆಂಡ್ ತೆಗೆದುಕೊಳ್ಳಬೇಕು. ಅದೇ ಮಗು ಮೊದಲ ಸುತ್ತನ್ನು 18ರಲ್ಲಿ ಮುಗಿಸಿದರೆ ಆಮ್ಲಜನಕ ಬಂದು ಮುಟ್ಟುವ ಮುನ್ನವೇ ಸ್ನಾಯು ಸಾಲ ಮಾಡಿರುತ್ತದೆ. ಮೂರನೇ ಸುತ್ತಿಗೆ ಕಾಲು ಕಲ್ಲಾಗುತ್ತದೆ, ಪಕ್ಕೆ ಹಿಡಿಯುತ್ತದೆ, ಉಳಿದದ್ದು ನಡಿಗೆ. ಹೀಗೆ ಬಂದ ಅಂಕಿ ದಮ್ಮಿನದ್ದಲ್ಲ, ಆತುರದ್ದು. ಪರೀಕ್ಷೆಗೆ ಒಂದು ವಾರ ಮುಂಚೆ ಎರಡು ಸುತ್ತು ಓಡಿಸಿ, "ಇಷ್ಟೇ ವೇಗ" ಎಂದು ಮೈಗೆ ಗೊತ್ತುಮಾಡಿಸಿದರೆ ಅದೇ ಮಗು ಏನೂ ತರಬೇತಿಯಿಲ್ಲದೆ ಸಮಯ ಇಳಿಸುವುದುಂಟು.

ಹೊತ್ತು, ಹೊಟ್ಟೆ, ಶೂ ಇವೂ ಲೆಕ್ಕಕ್ಕೆ ಬರುತ್ತವೆ. ಮಧ್ಯಾಹ್ನದ ಪಾಳಿಯ ಮಕ್ಕಳನ್ನು ಒಂದೂವರೆ ಗಂಟೆಯ ಬಿಸಿಲಿಗೆ, ಊಟವಾದ ಅರ್ಧ ಗಂಟೆಗೆ, ಕಪ್ಪು ಚರ್ಮದ ಶೂನಲ್ಲಿ ಓಡಿಸಿದರೆ ಯಾರ ದಮ್ಮೂ ತಿಳಿಯುವುದಿಲ್ಲ. ಮುಂಬಯಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹೃದಯ ಚರ್ಮಕ್ಕೂ ಸ್ನಾಯುವಿಗೂ ಒಟ್ಟಿಗೆ ರಕ್ತ ಹಂಚಬೇಕಾಗುತ್ತದೆ.

ಉಳಿದ ಸಾಲುಗಳು

ಕೂತು ಬಗ್ಗುವ ಪರೀಕ್ಷೆಯಲ್ಲಿ ಮಂಡಿ ಮಡಚುವುದು, ಜೋರಾಗಿ ಎಗರಿ ಮುಟ್ಟುವುದು ಮಾಮೂಲಿ ಕಳ್ಳಾಟ. ತುದಿ ಮುಟ್ಟಿ ಒಂದೆರಡು ಸೆಕೆಂಡ್ ನಿಂತರೆ ಮಾತ್ರ ಲೆಕ್ಕ. ಪಾದ ಒತ್ತಿ ಕೂತು ಕೈ ಚಾಚುವ ಪೆಟ್ಟಿಗೆಯ ಸ್ಕೇಲಿನಲ್ಲಿ ಪಾದ ತಾಗುವ ಜಾಗ ಎಷ್ಟು ಸೆಂಟಿಮೀಟರಿಗೆ ಬರುತ್ತದೆ ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ, ಆದ್ದರಿಂದ ಶಾಲೆ ಬದಲಾದರೆ ಹಳೆಯ ಅಂಕಿ ಮರೆತುಬಿಡಿ. ಕರ್ಲ್-ಅಪ್‌ನಲ್ಲಿ ಗೆಳೆಯ ಪಾದ ಒತ್ತಿ ಹಿಡಿದರೆ ಹೊಟ್ಟೆಯ ಬದಲು ತೊಡೆಸಂದಿನ ಸ್ನಾಯು ಕೆಲಸ ಮಾಡುತ್ತದೆ. 5ರಿಂದ 8 ವರ್ಷದವರಿಗೆ ಓಟವಿಲ್ಲ. ಬಿಎಂಐ ಜೊತೆಗೆ ಒಂಟಿಕಾಲಿನ ಸಮತೋಲ, ಎರಡು ತಟ್ಟೆಗಳನ್ನು ಒಂದೇ ಕೈಯಿಂದ ಪಟಪಟನೆ ಮುಟ್ಟುವ ಪರೀಕ್ಷೆ, ಇವೆರಡೇ. ಆ ವಯಸ್ಸಿಗೆ ಅಷ್ಟು ಸಾಕು, ಕುಂಟಾಟ ಆಡುವ ಮಗು ಸಮತೋಲದಲ್ಲಿ ಹೇಗೂ ಗೆಲ್ಲುತ್ತದೆ.

ಪುಷ್-ಅಪ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಸೊನ್ನೆ ಬರುವ ಮಕ್ಕಳು ಇಲ್ಲಿ ಬಹಳ. ಸೊನ್ನೆ ಎಂದರೆ ಕಸುವೇ ಇಲ್ಲವೆಂದಲ್ಲ, ಮೆಟ್ಟಿಲು ತೀರಾ ಎತ್ತರದಲ್ಲಿದೆ ಎಂದರ್ಥ. ಮೊದಲು ಗೋಡೆಗೆ ಕೈಯೂರಿ, ಕಾಲು ಎರಡು ಅಡಿ ಹಿಂದಿಟ್ಟು ಮಾಡಲಿ. 12ರಂತೆ ಮೂರು ಸಲ ನೀಟಾಗಿ ಬಂದ ಮೇಲೆ ಅಡುಗೆಕಟ್ಟೆಯ ಅಂಚಿಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ನೆಲಕ್ಕೆ ಬಂದಾಗ ಮೇಲೇಳುವುದು ಬಾರದಿದ್ದರೂ ಸರಿ, ನಾಲ್ಕು ಸೆಕೆಂಡು ತೆಗೆದುಕೊಂಡು ಇಳಿಯಲಿ, ಮಂಡಿಯೂರಿ ಎದ್ದು ಮತ್ತೆ ಇಳಿಯಲಿ. ಇಳಿಯುವಾಗಲೇ ಸ್ನಾಯು ಹೆಚ್ಚು ಕಲಿಯುತ್ತದೆ. ಸೊಂಟ ಜೋತುಬಿದ್ದ ಕೂಡಲೇ ಎಣಿಕೆ ನಿಲ್ಲಿಸಿ. ದಂಡ ಹೊಡೆದರೆ ಎತ್ತರ ನಿಂತುಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಪ್ರಾಯಕ್ಕೆ ಬರುವ ಮೊದಲು ಹೆಚ್ಚುವ ಕಸುವು ದಪ್ಪ ಸ್ನಾಯುವಿನಿಂದ ಬರುವುದಲ್ಲ, ನರಗಳು ಇದ್ದ ಸ್ನಾಯುವನ್ನೇ ಹೆಚ್ಚು ಒಟ್ಟಾಗಿ ದುಡಿಸುವುದರಿಂದ ಬರುವುದು. ಹಾಗಾಗಿ ಎಂಟು ವರ್ಷದ ಮಗುವಿನ ತೋಳು ದಪ್ಪವಾಗದೆಯೇ ಪುಷ್-ಅಪ್ ಸಂಖ್ಯೆ ಏರುತ್ತದೆ.

ಒಂದೇ ತರಗತಿ, ಬೇರೆ ಬೇರೆ ಮೈ

ಎತ್ತರ ಸರ್ರನೆ ಏರುವ ಕಾಲ ಹುಡುಗಿಯರಿಗೆ ಸರಾಸರಿ 12ರ ಹತ್ತಿರ, ಹುಡುಗರಿಗೆ 14ರ ಹತ್ತಿರ. ಸರಾಸರಿ ಅಷ್ಟೇ, ಏಳನೇ ತರಗತಿಯ ಇಬ್ಬರು ಹುಡುಗರ ಮೈ ಪ್ರಾಯದಲ್ಲಿ ಮೂರು ವರ್ಷದ ಅಂತರ ಇರಬಹುದು. ಮೀಸೆ ಚಿಗುರಿದವನು ಪುಷ್-ಅಪ್‌ನಲ್ಲಿ, 50 ಮೀಟರಿನಲ್ಲಿ ಗೆಲ್ಲುತ್ತಾನೆ. ತಡವಾಗಿ ಬೆಳೆಯುವವನು "ನನ್ನಿಂದಾಗದು" ಎಂದು ಆಟವನ್ನೇ ಬಿಡುತ್ತಾನೆ. ಅವನ ಅಂಕಿಯನ್ನು ಅವನದೇ ಹೋದ ವರ್ಷದ ಅಂಕಿಯೊಡನೆ ಹೋಲಿಸಬೇಕು, ಪಕ್ಕದ ಬೆಂಚಿನವನೊಡನೆ ಅಲ್ಲ.

ಈ ವಯಸ್ಸಿನಲ್ಲೇ ಮಂಡಿಚಿಪ್ಪಿನ ಕೆಳಗಿನ ಎಲುಬಿನ ಗುಬ್ಬಿಯಲ್ಲಿ ನೋವು, ಊತ ಕಾಣುವುದುಂಟು. ಆಸ್‌ಗುಡ್-ಶ್ಲಾಟರ್ ಎಂದು ಅದರ ಹೆಸರು. ತೊಡೆಯ ಸ್ನಾಯು ಎಳೆಯುವ ಜಾಗದ ಎಲುಬು ಇನ್ನೂ ಮೆದು, ಮತ್ತೆ ಮತ್ತೆ ಎಳೆತ ಬಿದ್ದು ನೋಯುತ್ತದೆ. ಹಿಮ್ಮಡಿಯಲ್ಲೂ ಇಂಥದ್ದೇ ನೋವು ಬರುತ್ತದೆ. ಯಕ್ಷಗಾನ ತರಗತಿಗೆ ಹೋಗುವ ಮಕ್ಕಳ ತಾಯ್ತಂದೆಯರು ಇದನ್ನು ವಿಶೇಷವಾಗಿ ಗಮನಿಸಬೇಕು. ತೆಂಕುತಿಟ್ಟಿನ ದಿಗಿಣ, ಅಂದರೆ ಹಾರಿ ಹಾರಿ ತಿರುಗುವ ಕುಣಿತ, ಒಳ್ಳೆಯ ಜೋರಿನ ವ್ಯಾಯಾಮ, ದಮ್ಮೂ ಏರುತ್ತದೆ, ಎಲುಬೂ ಗಟ್ಟಿಯಾಗುತ್ತದೆ. ಆದರೆ ನೋವಿರುವ ಮಂಡಿಯನ್ನು ಸಿಮೆಂಟು ನೆಲಕ್ಕೆ ಊರಿ ತಿರುಗುವುದನ್ನು ಕೆಲವು ವಾರ ಬಿಡಬೇಕು. ಹೆಜ್ಜೆ ಅಭ್ಯಾಸ ನಡೆಯಲಿ. ಮಂಡಿಗೆ ಪಟ್ಟಿ ಕಟ್ಟಿಕೊಂಡು ನೋವು ನುಂಗಿ ಕುಣಿಯುವುದು ಶೌರ್ಯವಲ್ಲ.

ಹುಡುಗಿಯರ ಮಾತು ಬೇರೆಯೇ ಇದೆ. 12-13ಕ್ಕೆ ಮೈದಾನ ಬಿಡುವವರು ಅವರೇ ಹೆಚ್ಚು, ಕಾರಣಗಳೂ ಗುಟ್ಟಿನವಲ್ಲ: ಮುಟ್ಟಿನ ದಿನ ಪ್ಯಾಡ್ ಬದಲಿಸಲು ಶಾಲೆಯಲ್ಲಿ ಜಾಗ ಸರಿಯಿಲ್ಲ, ಓಡಲು ತಕ್ಕ ಒಳ ಉಡುಪು ಕೊಡಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿಲ್ಲ. ಜೊತೆಗೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15-19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇತ್ತು, ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಹೃದಯ ಎಷ್ಟು ಬಡಿದರೂ ಸ್ನಾಯುವಿಗೆ ತಲುಪುವ ಆಮ್ಲಜನಕ ಕಡಿಮೆಯೇ. 50 ಮೀಟರ್ ಚೆನ್ನಾಗಿ ಓಡಿ, 600ರಲ್ಲಿ ಮಾತ್ರ ಕಳೆದ ವರ್ಷಕ್ಕಿಂತ ಬಹಳ ಹಿಂದೆ ಬಿದ್ದ ಹುಡುಗಿಗೆ "ಸೋಮಾರಿ" ಎನ್ನುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಸರಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಖಾಲಿ ಹೊಟ್ಟೆಗೆ ನುಂಗಿ ವಾಕರಿಕೆ ಬಂದು ಹಲವರು ಬಿಡುತ್ತಾರೆ, ಊಟದ ನಂತರ ತೆಗೆದುಕೊಂಡರೆ ತಡೆಯುತ್ತದೆ. ಹಿಂದುಮುಂದಿನ ಒಂದು ಗಂಟೆ ಚಹಾ ಬೇಡ, ಕಬ್ಬಿಣ ಮೈಗೆ ಹತ್ತದು.

ಅರವತ್ತು ನಿಮಿಷದ ಲೆಕ್ಕ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ, ವಾರಕ್ಕೆ ಮೂರು ದಿನವಾದರೂ ಏದುಸಿರು ಬರುವಷ್ಟು ಜೋರಿನದ್ದು ಮತ್ತು ಸ್ನಾಯು, ಎಲುಬು ಗಟ್ಟಿ ಮಾಡುವಂಥದ್ದು: ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಇದು. 2016ರ ಲೆಕ್ಕದಲ್ಲಿ ಜಗತ್ತಿನ 11-17 ವಯಸ್ಸಿನವರಲ್ಲಿ ಶೇ. 81 ಮಂದಿ ದಿನಕ್ಕೆ 60 ನಿಮಿಷ ಮುಟ್ಟಿರಲಿಲ್ಲ. "ಪಿ.ಟಿ. ಪಿರಿಯಡ್ ಇದೆಯಲ್ಲ" ಎಂದು ಸಮಾಧಾನ ಪಡುವವರು ಒಮ್ಮೆ ಗಡಿಯಾರ ಹಿಡಿದು ಎಣಿಸಬೇಕು. 35 ನಿಮಿಷದ ಪಿರಿಯಡ್ಡಿನಲ್ಲಿ ಸಾಲು ಕಟ್ಟಿ ಇಳಿಯಲು ಐದು, ಹಾಜರಿಗೆ ಮೂರು, ವಾಪಸಾಗಲು ಐದು ಹೋದರೆ ಉಳಿದದ್ದು 22. ಆ 22ರಲ್ಲಿ ನಲವತ್ತು ಮಕ್ಕಳಿಗೆ ಒಂದು ಬ್ಯಾಟು, ಒಂದು ಬಾಲು. ಡೀಪ್‌ನಲ್ಲಿ ನಿಂತ ಹುಡುಗ ಓಡಿದ್ದು ಎರಡು ನಿಮಿಷವೂ ಇರದು. ಅದೇ ಅಂಗಳದಲ್ಲಿ ಎಂಟೆಂಟರ ಗುಂಪು ಮಾಡಿ ಲಗೋರಿ ಅಥವಾ ಜೂಟಾಟ ಹಚ್ಚಿದರೆ ಎಲ್ಲರೂ ಓಡುತ್ತಾರೆ, ಖರ್ಚು ಒಂದೊಂದು ರಬ್ಬರ್ ಚೆಂಡಿನದ್ದು.

ಮನೆಯಲ್ಲಿ ಜೋರು ಅಳೆಯಲು ಯಂತ್ರ ಬೇಡ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ. ನಾಲ್ಕು ಪದಕ್ಕೊಮ್ಮೆ ಉಸಿರು ಬೇಕೆಂದರೆ ಜೋರು. ಹೃದಯದ ಗರಿಷ್ಠ ಬಡಿತ ತಿಳಿಯಲು ಸ್ಮಾರ್ಟ್‌ವಾಚಿನಲ್ಲಿ 220ರಿಂದ ವಯಸ್ಸು ಕಳೆಯುವ ಸೂತ್ರ ಮಕ್ಕಳಿಗೆ ಹೊಂದುವುದಿಲ್ಲ. ಅವರ ಗರಿಷ್ಠ ಬಡಿತ ಬಾಲ್ಯವಿಡೀ 200ರ ಆಸುಪಾಸಿನಲ್ಲೇ ಇರುತ್ತದೆ.

600 ಮೀಟರ್ ಸುಧಾರಿಸಲು ಎಂಟು ವಾರ ಸಾಕು, ವಾರಕ್ಕೆ ಮೂರು ದಿನ. ಮೊದಲ ಎರಡು ವಾರ ಐದು ನಿಮಿಷ ಬಿರುಸು ನಡಿಗೆಯ ನಂತರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಆರು ಸಲ. ಓಟ ಮಾತಾಡುವಷ್ಟು ನಿಧಾನ ಇರಲಿ. 3-4ನೇ ವಾರ ಎರಡು ನಿಮಿಷ ಓಟ, ಒಂದು ನಡಿಗೆ, ಐದು ಸಲ. 5-6ನೇ ವಾರ ನಾಲ್ಕು ನಿಮಿಷ ಓಟ ಮೂರು ಸಲ, ನಡುವೆ ಒಂದೊಂದು ನಿಮಿಷ ನಡಿಗೆ. ಮೂರರಲ್ಲಿ ಒಂದು ದಿನ ಮಾತ್ರ 20 ಸೆಕೆಂಡ್ ಜೋರು, 40 ಸೆಕೆಂಡ್ ನಡಿಗೆ, ಎಂಟು ಸಲ. ಕೊನೆಯ ಎರಡು ವಾರ ಒಂದು ದಿನ ಹತ್ತು ನಿಮಿಷ ಬಿಡದೆ ಓಟ, ಒಂದು ದಿನ 200 ಮೀಟರ್ ನಾಲ್ಕು ಸಲ 600ರ ವೇಗದಲ್ಲೇ, ನಡುವೆ ಎರಡೆರಡು ನಿಮಿಷ ವಿರಾಮ, ಇನ್ನೊಂದು ದಿನ ಆಟ. ಉಳಿದ ದಿನಗಳಲ್ಲಿ ಎರಡನ್ನು ಬಸ್ಕಿ, ಪುಷ್-ಅಪ್, ಕಂಬಿ ಹಿಡಿದು ನೇತಾಡುವುದಕ್ಕೆ ಇಡಿ, 15 ನಿಮಿಷ ಸಾಕು. ದಾದರ್ ಕಡೆಯವರಿಗೆ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದ ಮಲ್ಲಕಂಬ ಹತ್ತಿರವಿದೆ. ತೋಳು, ಬೆನ್ನು, ಹಿಡಿತ ಮೂರಕ್ಕೂ ಅದಕ್ಕೆ ಸಾಟಿ ಕಡಿಮೆ.

ಮಳೆ ನಾಲ್ಕು ತಿಂಗಳು ಇದನ್ನೆಲ್ಲ ಕೆಡಿಸುತ್ತದೆ. ಮೇ ರಜೆಯಲ್ಲಿ ಊರಿಗೆ ಹೋಗಿ ಗುಡ್ಡ ಹತ್ತಿ, ಗದ್ದೆ ಬದುವಿನಲ್ಲಿ ಓಡಿ ಗಳಿಸಿದ ದಮ್ಮು ಜೂನ್‌ನಲ್ಲಿ ಮನೆಯೊಳಗೆ ಕೂತರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಆಗ ಕಟ್ಟಡದ ಮೆಟ್ಟಿಲೇ ಮೈದಾನ. ಒಂದು ಮಹಡಿ ಸುಮಾರು ಮೂರು ಮೀಟರ್. ನಾಲ್ಕು ಮಹಡಿ ಐದು ಸಲ ಹತ್ತಿದರೆ 60 ಮೀಟರ್ ಏರಿದಂತೆ. ಹತ್ತುವುದು ಬೇಗ, ಇಳಿಯುವುದು ಕಂಬಿ ಹಿಡಿದು ನಡೆದೇ. ಒದ್ದೆ ಮೆಟ್ಟಿಲಲ್ಲಿ ಕಾಲು ಉಳುಕುವುದು ಇಳಿಯುವಾಗ. ಸ್ಕಿಪ್ಪಿಂಗ್ ಆದರೆ 20 ಸೆಕೆಂಡಿನ ಕಂತು, ಕೆಳಮನೆಯವರ ಸಿಟ್ಟು ಏರದಂತೆ ದಪ್ಪ ಚಾಪೆ. ಡಿಸೆಂಬರ್, ಜನವರಿಯ ಮುಂಜಾವು ಹೊಗೆ ನೆಲಕ್ಕೇ ಕವಿದಿರುತ್ತದೆ. ಗಾಳಿಯ ಮಾಲಿನ್ಯ ತೋರಿಸುವ ಸೂಚ್ಯಂಕ (ಎಕ್ಯೂಐ) 200 ದಾಟಿದ ದಿನ ಹೊರಗಿನ ಓಟ ಬೇಡ, ಮೆಟ್ಟಿಲಿಗೆ ಬನ್ನಿ.

ಅದೇ ಚಳಿಗಾಲದಲ್ಲಿ ಸಂಘಗಳ ಕ್ರೀಡಾಕೂಟವೂ ಬರುತ್ತದೆ. ವರ್ಷವಿಡೀ ಓಡದ ಹುಡುಗ ಅಂದು ನೂರು ಮೀಟರಿಗೆ ಇಳಿದು ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುತ್ತಾನೆ. ಮೂರು ವಾರ ಮುಂಚಿನಿಂದ ವಾರಕ್ಕೆರಡು ಸಲ 40 ಮೀಟರಿನ ನಾಲ್ಕು ಓಟ, ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು, ಕೊನೆಯ ವಾರ ಪೂರ್ತಿ. ಅಷ್ಟಿದ್ದರೆ ಸ್ನಾಯು ಹರಿಯುವುದು ಅಪರೂಪ.

ಓಡುತ್ತಿರುವಾಗಲೇ ಎಚ್ಚರ ತಪ್ಪಿ ಬಿದ್ದರೆ, ಎದೆನೋವು ಬಂದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಹೋದವರಿದ್ದರೆ ಅಭ್ಯಾಸ ನಿಲ್ಲಿಸಿ ಹೃದಯ ಪರೀಕ್ಷೆ ಮೊದಲು. ಓಟ ಮುಗಿದು ಐದು-ಹತ್ತು ನಿಮಿಷಕ್ಕೆ ಬಿಡದೆ ಕೆಮ್ಮು ಬರುವುದು ಉಬ್ಬಸದ ಲಕ್ಷಣವಿರಬಹುದು. ಡಾಕ್ಟರಿಗೆ ತೋರಿಸಿ ಔಷಧಿ ಸರಿಹೊಂದಿಸಿಕೊಂಡರೆ ಆ ಮಗುವೂ ಓಡಬಹುದು.

ಎಂಟನೇ ವಾರದ ಕೊನೆಗೆ ಅದೇ ಕೋರ್ಟು, ಅದೇ ನಾಲ್ಕು ಬಾಟಲಿ, ಅದೇ ಶೂ, ಅದೇ ಹೊತ್ತು. ಒಂದೇ ದಿನದ ಅಂಕಿ ನಂಬಬೇಡಿ; ಎರಡು ದಿನ ಬಿಟ್ಟು ಇನ್ನೊಮ್ಮೆ ಓಡಿಸಿ, ಒಳ್ಳೆಯದನ್ನು ಬರೆದಿಡಿ. ಪ್ರತಿ ಸುತ್ತಿನ ಸಮಯವನ್ನೂ ಬೇರೆ ಬೇರೆ ಗುರುತಿಸಿದರೆ ಒಳಿತು: ಮೊದಲ ಸುತ್ತಿಗೂ ಆರನೇ ಸುತ್ತಿಗೂ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಮಗುವಿಗೆ ಇನ್ನೂ ವೇಗ ಹಂಚಿಕೊಳ್ಳಲು ಬಂದಿಲ್ಲ, ಅದರ ದಮ್ಮು ಕಾರ್ಡಿನ ಅಂಕಿಗಿಂತ ಹೆಚ್ಚೇ ಇದೆ.